ಕಸ್ತೂರಬಾಯಿ ಬದುಕಿಸಿದ ಉಣ್ಣೆ ಎಲೆಯ ಗಿಡ

ನಾಗಣಸೂರಿನ ಕಸ್ತೂರಬಾಯಿ ಇಪ್ಪತ್ತೆರಡು ವರ್ಷದಿಂದ ಸೋಲಾಪುರದ ಒಂದು ನರ್ಸರಿಯಲ್ಲಿ ಸಸಿ ನೋಡಿಕೊಳ್ಳುತ್ತಾಳೆ. ಬೆಳಗಿನ ಎಸ್‌ಟಿ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತಾಳೆ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವವಳಲ್ಲ. ಅಂಥವಳು ಹೋದ ಶ್ರಾವಣದಲ್ಲಿ ಮನೆಯ ಪೂಜೆ ಕಂಡು ಮೂಗು ಮುಚ್ಚಿಕೊಂಡಳು.

ಜೂನ್‌ನಲ್ಲಿ ಅವಳ ಭಾವ ಮಲಕಾಜಪ್ಪ ಕೇದಾರಕ್ಕೆ ಹೋಗಿ ಬಂದಿದ್ದ. ಅವನ ಮನೆಗೂ ಇವಳ ಮನೆಗೂ ಅಂಗಳ ಒಂದೇ. ಚೀಲದಿಂದ ಬೆವರು ನಾರುವ ಬನಿಯನ್ನಿನ ಗಂಟೊಂದನ್ನು ತೆಗೆದು ಅವಳ ಮುಂದಿಟ್ಟ. ಒಳಗೆ ಬೇರುಸಹಿತ ಕಿತ್ತ ಗಿಡ, ಅದರೊಡನೆ ಖಾಲಿ ಗುಟ್ಕಾ ಚೀಟಿಗಳು. ಎಲೆಗಳ ಮೇಲೆಲ್ಲ ಬೆಳ್ಳನೆಯ ಉಣ್ಣೆ.

"ಸಾಕ್ಷಾತ್ ಶಿವನೇ ವಿಭೂತಿ ಬಳದಾನ ನೋಡು. ಇದನ್ನ ಬದುಕಿಸು."

"ಇದರ ಹೆಸರೇನ್ರಿ ಭಾವಾರ?"

"ಶಿವನ ಗಿಡ ಅನ್ನು. ಮತ್ತೇನು ಹೆಸರು ಬೇಕು ನಿನಗ?"

ಚಂದಾಗಿ ಬೆಳೆದದ್ದನ್ನು ಗುಡ್ಡದಿಂದ ಕಿತ್ತು ಹೊಲಸು ಬನಿಯನ್ನಿನಲ್ಲಿ ಸುತ್ತಿ ತಂದವನ ಮೇಲೆ ಅವಳಿಗೆ ಹೇಸಿಗೆಯಾಯಿತು. ಗಿಡದ ಮೇಲೆ ಮರುಕವೂ ಬಂತು. ಎಲೆಯ ತುದಿ ಮುರಿದು ನೋಡಿದಳು. ಎಕ್ಕೆಯಂತೆ ಹಾಲು ಬರಲಿಲ್ಲ. ಮೂಸಿದಳು, ದೊಡ್ಡಪತ್ರೆಯ ವಾಸನೆಯಿಲ್ಲ. ಬೇರಿನ ಸಂದಿಯಲ್ಲಿ ಮಣ್ಣು ಕಡಿಮೆ, ಹರಳೇ ಹೆಚ್ಚು. ಹರಳಿನಲ್ಲಿ ಬೆಳೆದದ್ದಕ್ಕೆ ನಮ್ಮ ಕರಿಮಣ್ಣು ಉಸಿರು ಕಟ್ಟಿಸುತ್ತದೆ ಎಂದು ಮುರುಮ ಎನ್ನುವ ಹರಳುಮಣ್ಣನ್ನು ಜರಡಿ ಹಿಡಿದು, ಒಡೆದ ಹಂಚಿನ ಚೂರು ಬೆರೆಸಿ ಕುಂಡದಲ್ಲಿ ನೆಟ್ಟಳು. ಉಣ್ಣೆ ಒದ್ದೆಯಾದರೆ ಆರುವುದಿಲ್ಲ. ಅದಕ್ಕೇ ಮೇಲಿಂದ ನೀರು ಹಾಕದೆ, ಕುಂಡದ ಕೆಳಗೆ ತಾಟಿಟ್ಟು ಅದರಲ್ಲಿ ಹಾಕಿದಳು. ಮಳೆ ತಾಗದಂತೆ ಚಪ್ಪರದ ತಂಪಿನಲ್ಲಿಟ್ಟಳು.

ನರ್ಸರಿಗೆ ಬರುವ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಮನೀಷಾ ಮೇಡಂಗೆ ಫೋನಿನಲ್ಲಿ ಫೋಟೋ ತೋರಿಸಿದಳು.

"ಇಂಥಾ ಉಣ್ಣಿ ಎಲಿ ಭಾಳ ಗಿಡಕ್ಕ ಇರ್ತಾವ ಮಾವಶಿ. ಹೂವು ಬಂದ್ರ ಹೇಳಬಹುದು."

ಹೂ ಬರುವ ತನಕ ಅದನ್ನು ಉಳಿಸಬೇಕು, ಹೆಸರು ತಿಳಿಯಬೇಕು. ಕಸ್ತೂರಬಾಯಿಯ ಮನಸ್ಸು ಅದರಲ್ಲೇ ನಿಂತಿತು. ಜುಲೈಯಲ್ಲಿ ನಡುವಿನಿಂದ ಒಂದು ಕಡ್ಡಿ ಎದ್ದು ತುದಿಗೆ ಮೊಗ್ಗು ಕಟ್ಟಿತು.

ಶ್ರಾವಣದ ಮೊದಲ ಸೋಮವಾರ ಕೆಲಸದಿಂದ ಬಂದಾಗ ಅಂಗಳದಲ್ಲಿ ಹುಳಿ ವಾಸನೆ. ಗಿಡದ ನೆತ್ತಿಯ ಮೇಲೆ ಯಾರೋ ಹಾಲು ಸುರಿದಿದ್ದರು. ಕುಂಕುಮ ಕಲಸಿದ ಉಣ್ಣೆ ಮೋರಿಯಲ್ಲಿ ಸಿಕ್ಕ ಕೂದಲಿನಂತೆ ಅಂಟಿಕೊಂಡಿತ್ತು. ನೊಣ ಮುತ್ತಿದ್ದವು. ಶಿವನ ಗಿಡವೆಂದು ಕೇಳಿ ಪೂಜೆಗೆ ಬಂದ ಊರವರೆಲ್ಲ ಎಣ್ಣೆಗೈಯಿಂದ ಎಲೆ ಉಜ್ಜಿ, ಬಂದ ಬಿಳುಪನ್ನು ವಿಭೂತಿಯೆಂದು ಹಣೆಗೆ ಹಚ್ಚಿಕೊಂಡಿದ್ದರು. ಉಜ್ಜಿದ ಎಲೆಗಳು ಬೋಳಾಗಿ ಕಂದಿದ್ದವು.

"ಹಾಲು ಹಾಕಿದವರು ಯಾರಕ್ಕಾ?" ಎಂದು ಭಾವನ ಹೆಂಡತಿ ಅಕ್ಕನಾಗಮ್ಮನನ್ನು ಕೇಳಿದಳು.

"ನಾನೇ. ನೀ ನಾಯಿಗೆ ಇಟ್ಟಂಗ ತಾಟಿನ್ಯಾಗ ನೀರ ಇಡ್ತಿ. ದೇವರಿಗೆ ತಲಿಮ್ಯಾಲೆ ಹಾಕಬೇಕವಾ, ಕಾಲಿಗಲ್ಲ."

"ಕೊಳೀತೈತಕ್ಕಾ."

"ಹಾಲಿಗೆ ಎಲ್ಲೆರ ಗಿಡ ಕೊಳೀತಾವ? ನರ್ಸರಿ ಸೇರಿ ಭಾಳ ಶಾಣ್ಯಾಳಾಗಿ."

ಕಸ್ತೂರಬಾಯಿ ಹತ್ತಿಯಿಂದ ಒಂದೊಂದೇ ಎಲೆ ಒರೆಸಿದಳು. ಮುಂದಿನ ಸೋಮವಾರ ರಜೆ ಹಾಕಿ ಗಿಡದ ಬಾಜೂಕೆ ಕುಳಿತಳು. ಮೂರನೆಯ ಸೋಮವಾರ ರಜೆ ಸಿಗಲಿಲ್ಲ. ಸಂಜೆ ಬಂದು ನೋಡಿದರೆ ಕಡ್ಡಿಯೇ ಇಲ್ಲ.

"ಹೂ ಅರಳಿತ್ತು. ಲಿಂಗಕ್ಕ ಏರಿಸೀನಿ," ಎಂದ ಮಲಕಾಜಪ್ಪ. "ಪುಣ್ಯೇದಾಗ ನಿನ್ನ ಪಾಲೂ ಅದ."

ಪೂಜೆಯ ನಿರ್ಮಾಲ್ಯ ಹಿತ್ತಲಿನ ಬಕೆಟ್ಟಿನಲ್ಲಿತ್ತು. ಒಡೆದ ಹಾಲು, ಬಾಳೆಸಿಪ್ಪೆ, ಲೋಳೆಯಾದ ಬಿಲ್ವಪತ್ರೆ. ದೇವರ ಮೇಲಿಂದ ಇಳಿದದ್ದನ್ನು ಕಂಡು ವಾಕರಿಕೆ ಬರುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಶಿವಾ ಶಿವಾ ಎನ್ನುತ್ತ ಮೊಣಕೈ ತನಕ ಕೈ ಹಾಕಿ ಹುಡುಕಿದಳು. ಸಿಕ್ಕ ಹೂವನ್ನು ಮೂರು ಸಲ ತೊಳೆದಳು. ಎಸಳು ಕಾಗದದಂತೆ ಗರಿಗರಿಯಾಗಿ ಹಾಗೇ ಇದ್ದವು.

ಮರುದಿನ ಮನೀಷಾ ಮೇಡಂ ಭೂತಗನ್ನಡಿ ಹಿಡಿದು ನೋಡಿದರು.

"ಇದು ಅನಾಫಲಿಸ್, ಮಾವಶಿ. ಹಿಮಾಲಯದಾಗ ಹಾದಿ ಬಾಜೂಕೇ ಬೆಳೀತದ. ಮಂದಿ ತುಳಕೋತ ಹೋಗ್ತಾರ."

ಕಸ್ತೂರಬಾಯಿ ಬಸ್ಸಿನುದ್ದಕ್ಕೂ ಆ ಹೆಸರನ್ನು ಬಾಯಿಪಾಠ ಮಾಡುತ್ತ ಬಂದಳು. ಮನೆಯಲ್ಲಿ ಹೇಳಿದಾಗ ಮಲಕಾಜಪ್ಪನ ಮುಖ ಸಣ್ಣದಾಯಿತು.

"ತುಳದಾಡೋ ಗಿಡ ಏನದು? ನಾ ಇಡೀ ಊರಿಗೆ ಹೇಳೀನಲ್ಲ. ತಿಪ್ಪಿಗೆ ಒಗಿ ಅದನ್ನ."

ಅಕ್ಕನಾಗಮ್ಮ ಹಣೆಗೆ ಹಚ್ಚಿಕೊಂಡಿದ್ದ ಗಿಡದ ಬಿಳುಪನ್ನು ಸೆರಗಿನಿಂದ ಒರೆಸಿಕೊಂಡಳು. ಕೊಳೆತ ಹಾಲಿಗಿಂತ ಆ ಒರೆಸುವಿಕೆ ಹೆಚ್ಚು ಹೇಸಿಗೆ ತಂದಿತು ಎಂದು ಕಸ್ತೂರಬಾಯಿ ಈಗಲೂ ಹೇಳುತ್ತಾಳೆ.

"ಅದನ್ನ ಮಾಡಿದಾಂವನೂ ಶಿವನೇ ಅಲ್ರಿ ಭಾವಾರ?" ಎಂದಳು. ಅವನು ಒಳಗೆ ಹೋದ.

ಗಿಡದ ನಡು ಕೊಳೆತು ಮೆತ್ತಗಾಗಿತ್ತು. ಅದನ್ನು ಕೊಯ್ದು ತೆಗೆದಾಗ ಬುಡದಲ್ಲಿ ಹೆಬ್ಬೆರಳಿನಷ್ಟು ಮರಿಯೊಂದು ಕಂಡಿತು. ಯಾರ ಕೈಯೂ ತಾಗದ ಬಿಳಿ ಉಣ್ಣೆ ಅದರ ಮೇಲಿತ್ತು. ಹೊಸ ಮುರುಮದಲ್ಲಿ ನೆಟ್ಟು, ಬೆಳಗಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸೋಲಾಪುರಕ್ಕೆ ಒಯ್ದಳು. ಚೈತ್ರದ ಬಿಸಿಲು ತಡೆಯುವುದು ಕಷ್ಟ ಎಂದು ಮೇಡಂ ಹೇಳಿದ್ದಾರೆ. ಸದ್ಯಕ್ಕೆ ಅದು ನರ್ಸರಿಯ ನೀರಿನ ಟಾಕಿಯ ಹಿಂದೆ, ಯಾರೂ ಕೈಮುಗಿಯದ ಜಾಗದಲ್ಲಿ ಬೆಳೆಯುತ್ತಿದೆ.