ಹನ್ನೆರಡರ ಎತ್ತರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬ್ಯಾಸ್ಕೆಟ್‌ಬಾಲ್ ಅಂಗಳದ ಸಿಮೆಂಟಿನ ಮೇಲೆ ಇಬ್ಬನಿ ಕೂತಿದೆ. ಹಳೆಯ ಗೋಣಿಚೀಲವನ್ನು ಕಾಲಡಿಗೆ ಹಾಕಿಕೊಂಡು ಅಕ್ಕ ಆ ಇಬ್ಬನಿಯನ್ನು ಒರೆಸುತ್ತಾ ಬರುತ್ತಾರೆ. ಮಕ್ಕಳು ಜಾರಿ ಬೀಳಬಾರದು. ಅಕ್ಕನ ವಯಸ್ಸು ಐವತ್ತರ ಹತ್ತಿರ. ಚಿಕ್ಕ ಮಕ್ಕಳಿಗೆ ಆಟ ಕಲಿಸುವ ಕೋಚ್. ಮಕ್ಕಳ ಬಾಯಲ್ಲಿ ಬರೀ ಅಕ್ಕ. ಗೆದ್ದ ತಂಡದ ಫೋಟೋಗಳಲ್ಲಿ ಅವರು ಇರುವುದಿಲ್ಲ, ಏಕೆಂದರೆ ಗೆಲ್ಲುವ ವಯಸ್ಸಿಗೆ ಮಕ್ಕಳು ದೊಡ್ಡ ಕೋಚ್‌ಗಳ ಕೈ ಸೇರಿರುತ್ತಾರೆ.

ಅವರ ಪಾಠ ನೋಡಿದವರಿಗೆ ಎಲ್ಲವೂ ತಲೆಕೆಳಗು. ಗುಂಪಿನಲ್ಲೇ ಗಿಡ್ಡನಾದವನು ಬುಟ್ಟಿಯ ಕೆಳಗೆ ನಿಲ್ಲುತ್ತಾನೆ. ಎಲ್ಲರಿಗಿಂತ ಎತ್ತರದ ಹುಡುಗಿಗೆ ಚೆಂಡು ಪುಟಿಸುತ್ತಾ ಅಂಗಳದ ಉದ್ದಕ್ಕೂ ಓಡುವ ಕೆಲಸ.

“ಬೆನ್ನಲ್ಲ, ಮಂಡಿ ಬಗ್ಸು. ಚೆಂಡನ್ನ ನೋಡ್ಬೇಡ, ಅದೇನು ಓಡಿಹೋಗಲ್ಲ.”

“ಓಡಿಹೋಯ್ತಲ್ಲ ಅಕ್ಕಾ!”

“ಹಾಗಾದ್ರೆ ಕರ್ಕೊಂಡು ಬಾ. ಬೈಬೇಡ.”

ಹುಡುಗಿಗೆ ಹನ್ನೆರಡು. ಒಂದೇ ವರ್ಷದಲ್ಲಿ ಸರ್ರನೆ ಬೆಳೆದು, ತನ್ನ ಕೈಕಾಲು ಎಲ್ಲಿವೆಯೆಂದು ಅವಳಿಗೇ ತಿಳಿಯುತ್ತಿಲ್ಲ. ಮಂಡಿಚಿಪ್ಪಿನ ಕೆಳಗೆ ನೋವು. ಸದ್ಯಕ್ಕೆ ಜಿಗಿತ ಬೇಡವೆಂದು ಅಕ್ಕ ಹೇಳಿದ್ದಾರೆ. “ಮೂಳೆ ಮುಂದೆ ಓಡ್ತಿದೆ, ಮಾಂಸಖಂಡ ಹಿಂದೆ ಉಳ್ಕೊಂಡಿದೆ. ಅದು ಬರೋತನಕ ಕಾಯ್ಬೇಕು.”

ಎತ್ತರದವರಿಗೂ ಚೆಂಡು ಪುಟಿಸಲು ಕಲಿಸುವ ಈ ಹಟಕ್ಕೆ ಕಾರಣವಿದೆ. ಹನ್ನೆರಡರಲ್ಲಿ ಅಕ್ಕನೂ ಇಡೀ ಶಾಲೆಗೇ ಉದ್ದ. ಅಡ್ಡಹೆಸರು ಕಂಬ. “ನೀನು ಓಡ್ಬೇಡ, ಕೈ ಎತ್ತಿ ನಿಂತ್ಕೋ ಸಾಕು,” ಅಂದರು ಮೇಷ್ಟ್ರು. ನಿಂತರು, ತಂಡ ಗೆದ್ದಿತು. ತಾಯಿ ಮತ್ತೆ ಮತ್ತೆ ಲಂಗದ ಅಂಚು ಬಿಚ್ಚಿ ಇಳಿಸುತ್ತಾ, ಇವಳು ಇನ್ನು ಬೆಳೆಯದಿರಲಪ್ಪಾ ಎಂದು ದೇವರಿಗೆ ಕೈಮುಗಿಯುತ್ತಿದ್ದರು. ಮಗಳು ಅದೇ ದೇವರ ಮುಂದೆ ನಿಂತು ಇನ್ನೂ ಬೆಳೆಸು ಎನ್ನುತ್ತಿದ್ದಳು.

“ಅಮ್ಮನ ಪ್ರಾರ್ಥನೆ ಮೊದಲು ತಲುಪ್ತು,” ಎಂದು ಅಕ್ಕ ನಗುತ್ತಾರೆ.

ಹದಿಮೂರಕ್ಕೆ ಬೆಳವಣಿಗೆ ನಿಂತಿತು. ಹದಿನಾರರ ಹೊತ್ತಿಗೆ ಜೊತೆಯವರೆಲ್ಲ ಅವರನ್ನು ದಾಟಿ ಬೆಳೆದಿದ್ದರು. ಬುಟ್ಟಿಯ ಕೆಳಗೆ ನಿಲ್ಲಲು ಎತ್ತರ ಸಾಲದು. ದೂರದಿಂದ ಆಡೋಣವೆಂದರೆ ಚೆಂಡು ಪುಟಿಸಲು ಬಾರದು. ತಂಡದಿಂದ ಅವರನ್ನು ಯಾರೂ ತೆಗೆಯಲಿಲ್ಲ, ಕರೆಯುವುದನ್ನು ಬಿಟ್ಟರು ಅಷ್ಟೆ. ದೇವರು ಒಬ್ಬೊಬ್ಬರಿಗೆ ಒಂದೊಂದು ಹೊತ್ತಿನಲ್ಲಿ ಕೊಡುವುದನ್ನು ನಾವು ಅವಸರದಲ್ಲಿ ಅಳೆದುಬಿಡುತ್ತೇವೆ.

ಇಂದು ಆಟ ಮುಗಿಯುವಾಗ ಹುಡುಗಿಯ ತಂದೆ ಬೇಲಿಯ ಬಳಿ ಬರುತ್ತಾರೆ. ಬೇರೊಂದು ಕ್ಲಬ್ಬಿನವರು ಅವಳನ್ನು ಕೇಳಿದ್ದಾರೆ.

“ಮೇಡಂ, ಬೇಜಾರು ಮಾಡ್ಕೋಬೇಡಿ. ಅಲ್ಲಿ ದೊಡ್ಡೋರ ತಂಡದಲ್ಲೇ ಬುಟ್ಟಿ ಕೆಳಗೆ ನಿಲ್ಲಿಸ್ತಾರಂತೆ. ಇಷ್ಟುದ್ದ ಮಗಳನ್ನ ಇಟ್ಕೊಂಡು ಚೆಂಡು ತಟ್ಟಿಸ್ತಾ ಕೂತ್ರೆ ಹೇಗೆ?”

“ಒಂದು ವರ್ಷ ಇಲ್ಲೇ ಬಿಡಿ ಅಣ್ಣಾ. ಮಂಡಿನೋವಾದ್ರೂ ಕಮ್ಮಿಯಾಗ್ಲಿ.”

“ವರ್ಷ ಕಳೆದ್ರೆ ಬೇರೆ ಮಕ್ಕಳೂ ಬೆಳೆದುಬಿಡ್ತಾರಲ್ಲ ಮೇಡಂ!”

ಅಕ್ಕ ಹೇಳಬೇಕೆಂದಿದ್ದುದೂ ಅದೇ ಮಾತು. ತಂದೆಯ ಬಾಯಲ್ಲಿ ಅದು ತಿರುವುಮುರುವಾಗಿ ಬಂದಿದೆ.

ಹುಡುಗಿ ಚೆಂಡನ್ನು ಅಕ್ಕನ ಕೈಗಿಟ್ಟು ತಂದೆಯ ಹಿಂದೆ ಹೊರಡುತ್ತಾಳೆ. ಕುಂಟುವುದು ಕಾಣದಿರಲೆಂದು ಕಾಲನ್ನು ಬಿಗಿಹಿಡಿದು ನಡೆಯುತ್ತಾಳೆ.

“ನೋವಾದ್ರೆ ಬಾಯಿಬಿಟ್ಟು ಹೇಳ್ಬೇಕು ಕಣೇ, ನಾಚ್ಕೋಬೇಡ!” ಎಂದು ಅಕ್ಕ ಕೂಗುತ್ತಾರೆ. ಅವಳು ತಿರುಗಿ ತಲೆಯಾಡಿಸುತ್ತಾಳೆ.

ಹೀಗೆ ಎಷ್ಟೋ ಮಕ್ಕಳು ಹೋಗಿದ್ದಾರೆ. ಅಕ್ಕ ಗೇಟಿನ ಕಡೆಗೇ ನೋಡುತ್ತಾರೆ.

“ಅವಳು ಇನ್ನೂ ಬೆಳೀಲಿ. ಬುಟ್ಟಿಗೆ ತಲೆ ತಾಗೋವಷ್ಟು ಬೆಳೀಲಿ. ನಾನು ಹೆದರಿದ್ದೆಲ್ಲ ಸುಳ್ಳಾಗ್ಲಿ, ದೇವ್ರೇ.”