ಮದುವೆಯಾಗದ ಮಗಳ ಸಾಲು

ಒಡಹುಟ್ಟಿದ ಅಕ್ಕನ ಮೇಲೆ ನಾನು ಸೇಡು ತೀರಿಸಿಕೊಂಡಿದ್ದೇನೆ. ಹಾಗೆಂದು ಬರೆಯಲು ನನಗೆ ನಾಚಿಕೆಯಿಲ್ಲ. ಕೇಳಿದವರೆಲ್ಲ ‘ಅಯ್ಯೋ, ಸ್ವಂತ ಅಕ್ಕ ಅಲ್ವಾ, ಹೋಗ್ಲಿ ಬಿಡಿ’ ಎನ್ನುತ್ತಾರೆ. ಏನನ್ನು ಬಿಡಬೇಕು ಎಂದು ಅವರು ಮೊದಲು ಕೇಳಿಸಿಕೊಳ್ಳಲಿ.

ಅಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿದ್ದರು. ಅವರು ತೀರಿಕೊಂಡ ಮೇಲೆ ಅಮ್ಮ, ನಾನು ಕ್ವಾರ್ಟರ್ಸ್ ಬಿಟ್ಟು ಅಲ್ಲೇ ಹತ್ತಿರದ ಎರಡು ಕೋಣೆಯ ಬಾಡಿಗೆ ಮನೆಗೆ ಬಂದೆವು. ನಾನು ಪೀಣ್ಯದಲ್ಲಿ ವಾಲ್ವ್ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗೆ ಸೇರಿದ್ದೆ. ಇನ್‌ಸ್ಪೆಕ್ಷನ್ ಕೆಲಸ. ಮಷೀನಿನಿಂದ ಬಂದ ಪೀಸುಗಳನ್ನು ಅಳೆದು, ಸರಿಯಿದ್ದರೆ ಹಸಿರು ಟ್ರೇ, ಇಲ್ಲದಿದ್ದರೆ ಕೆಂಪು ಟ್ರೇ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಮದುವೆಯಾಗಿ ಅಮೆರಿಕಕ್ಕೆ ಹೋಗಿ ಅಲ್ಲಿನ ಪ್ರಜೆಯೇ ಆಗಿಬಿಟ್ಟಿದ್ದಳು. ಅವಳ ಎರಡನೇ ಬಾಣಂತನಕ್ಕೆ ಅಮ್ಮ ಬೇಕಾದಳು. ಪ್ರಜೆಯಾದವರ ತಂದೆತಾಯಿಗೆ ಆ ದೇಶದಲ್ಲಿ ಸಾಲೂ ಇಲ್ಲ, ಮಿತಿಯೂ ಇಲ್ಲ. ವರ್ಷ ತುಂಬುವುದರೊಳಗೆ ಅಮ್ಮ, ಅಲ್ಲಿ ಕಾಯಂ ಇರಲು ಬಿಡುವ ಗ್ರೀನ್ ಕಾರ್ಡಿನವಳಾಗಿ, ಹೊರಟುಹೋದಳು. ಮನೆಯಲ್ಲಿ ನಾನೊಬ್ಬಳೇ ಉಳಿದೆ.

ಹೋದ ಕೆಲವೇ ತಿಂಗಳಲ್ಲಿ ಅಮ್ಮನ ಹೆಸರಿನಲ್ಲಿ ಅಕ್ಕ ನನಗೂ ಅರ್ಜಿ ಹಾಕಿಸಿದಳು. ಆಗ ನನಗೆ ಇಪ್ಪತ್ತೇಳು. ನನ್ನಂಥವರಿಗೆ ಮಾತ್ರ ಅಲ್ಲಿ ಸಾಲು ಉಂಟು. ವರ್ಷಕ್ಕೆ ಇಷ್ಟೇ ವೀಸಾ ಎಂದು ಮೊದಲೇ ಗೆರೆ ಎಳೆದು, ಅದನ್ನು ಸಂಬಂಧ ನೋಡಿ ಪಾಲು ಹಾಕುತ್ತಾರೆ. ಪ್ರಜೆಯಾದವರ ಮದುವೆಯಾಗದ ಮಕ್ಕಳಿಗೆ ಒಂದು ಪಾಲು, ಮದುವೆಯಾದ ಮಕ್ಕಳಿಗೆ ಇನ್ನೊಂದು, ಗ್ರೀನ್ ಕಾರ್ಡಿನವರ ಮದುವೆಯಾಗದ ಮಕ್ಕಳಿಗೆ ಮತ್ತೊಂದು. ಗ್ರೀನ್ ಕಾರ್ಡಿನವರ ಮದುವೆಯಾದ ಮಕ್ಕಳಿಗೆ ಏನೂ ಇಲ್ಲ. ಅರ್ಜಿ ತಲುಪಿದ ತಾರೀಖೇ ಸಾಲಿನಲ್ಲಿ ನಮ್ಮ ಜಾಗ. ಯಾವ ಪಾಲಿನಲ್ಲಿ ಯಾವ ತಾರೀಖಿನವರೆಗೆ ಬಂದಿದ್ದೇವೆ ಎಂದು ತಿಂಗಳಿಗೊಮ್ಮೆ ಬುಲೆಟಿನ್ ಹೊರಡಿಸುತ್ತಾರೆ. ರೇಷನ್ ಅಂಗಡಿಯ ಸಾಲಿನ ಹಾಗೆಯೇ. ಆದರೆ ಸೀಮೆಎಣ್ಣೆಗೆ ನಿಂತವಳಿಗೆ ಡಬ್ಬ ತುಂಬುವವರೆಗೂ ಮದುವೆಯಾಗಬೇಡ ಎಂದು ಯಾರೂ ಹೇಳುವುದಿಲ್ಲ.

ಅಕ್ಕ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದಳು. “ತಾಳಿ ಕಟ್ಟಿಸ್ಕೊಂಡ ದಿನವೇ ಅರ್ಜಿ ಕ್ಯಾನ್ಸಲ್ ಕಣೇ. ಐದಾರು ವರ್ಷ ಅಷ್ಟೆ. ಕಣ್ಮುಚ್ಚಿ ಬಿಡೋದ್ರೊಳಗೆ ಆಗ್ಹೋಗುತ್ತೆ.”

ನನಗೆ ಅಮೆರಿಕ ಬೇಕಿರಲಿಲ್ಲ. ಅಮ್ಮ ಬೇಕಿದ್ದಳು. ಅವಳು ವಾಪಸ್ ಬರುತ್ತೇನೆ ಎಂದಾಗಲೆಲ್ಲ ಮೊಮ್ಮಕ್ಕಳ ಜ್ವರ, ಅಕ್ಕನ ಕೆಲಸ, ಗ್ರೀನ್ ಕಾರ್ಡಿನ ನಿಯಮ, ಏನಾದರೊಂದು ಅಡ್ಡ ಬರುತ್ತಿತ್ತು. ಹಾಗಾಗಿ ಸಾಲಿನಲ್ಲಿ ನಿಂತೆ. ಪ್ರತಿ ತಿಂಗಳು ಜಾಲಹಳ್ಳಿ ಕ್ರಾಸಿನ ಸೈಬರ್ ಸೆಂಟರಿಗೆ ಹೋಗಿ ಬುಲೆಟಿನ್ ನೋಡಿ, ತಾರೀಖನ್ನು ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದೆ.

ಆಗಲೇ ಒಬ್ಬರ ಪರಿಚಯವಾದದ್ದು. ನಮ್ಮ ಗೇಜು, ಮೈಕ್ರೋಮೀಟರುಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡಲು ಮೂರು ತಿಂಗಳಿಗೊಮ್ಮೆ ಕಾರ್ಖಾನೆಗೆ ಬರುತ್ತಿದ್ದರು. ನನ್ನ ಮೇಜಿನಲ್ಲೇ ಕೂತು ಕೆಲಸ ಮಾಡಬೇಕಿತ್ತು. ಮಾತು ಕಡಿಮೆ, ಆದರೆ ಆಡಿದರೆ ನಗು ತಡೆಯಲು ಆಗುತ್ತಿರಲಿಲ್ಲ. ಎರಡನೇ ವರ್ಷಕ್ಕೆ ಮದುವೆಯ ಮಾತೆತ್ತಿದರು. ನಾನು ಸಾಲಿನ ಕಥೆ ಹೇಳಿದೆ. ಆಮೇಲೆ ಬಂದಾಗಲೆಲ್ಲ ಗೇಜಿನ ಪೆಟ್ಟಿಗೆ ಬಿಚ್ಚುವ ಮೊದಲು ಅದೇ ಪ್ರಶ್ನೆ.

“ಮೇಡಂ, ನಿಮ್ಮ ಡೇಟ್ ಎಲ್ಲೀವರೆಗೂ ಬಂತು?”

“ಈ ತಿಂಗಳು ಒಂದೇ ವಾರ ಮುಂದೆ ಹೋಗಿದೆ ರೀ.”

“ಕುಂಟ್ಕೊಂಡು ಬರ್ತಿದೆ ಬಿಡಿ. ಬರ್ಲಿ, ಕಾಯ್ತೀನಿ.”

ಒಂದು ಆಯುಧಪೂಜೆಯ ದಿನ ಮಷೀನುಗಳಿಗೆಲ್ಲ ಕುಂಬಳಕಾಯಿ ಒಡೆದು, ಎಲ್ಲರೂ ಚಿತ್ರಾನ್ನ ತಿನ್ನುತ್ತಿದ್ದಾಗ ಅವರು ಮೆಲ್ಲಗೆ ಹೇಳಿದರು. “ಯಾವ್ದಾದ್ರೂ ದೇವಸ್ಥಾನದಲ್ಲಿ ತಾಳಿ ಕಟ್ಬಿಡ್ತೀನಿ. ರಿಜಿಸ್ಟರ್ ಮಾಡ್ಸೋದು ಬೇಡ. ಪೇಪರ್ ಇಲ್ದೆ ಇದ್ರೆ ಅವ್ರಿಗೆ ಹೆಂಗೆ ಗೊತ್ತಾಗುತ್ತೆ?” ನಮ್ಮಲ್ಲಿ ಎಷ್ಟೋ ಮದುವೆಗಳು ಹಾಗೇ ಆಗುತ್ತವೆ, ಕಾಗದ ಆಮೇಲೆ. ನನಗೂ ಆಸೆಯಾಯಿತು. ಪೆದ್ದಿಯ ಹಾಗೆ ಅಕ್ಕನನ್ನೇ ಕೇಳಿದೆ.

“ಇಂಟರ್‌ವ್ಯೂನಲ್ಲಿ ಪ್ರಮಾಣ ಮಾಡಿಸ್ತಾರೆ ಕಣೇ,” ಎಂದಳು. “ಪೂಜಾರಿ ಕಟ್ಟಿಸಿದ್ರೂ ಮದುವೆ ಮದುವೇನೇ. ಆಗದವರು ಯಾರಾದ್ರೂ ಒಂದು ಕಾಗದ ಬರೆದ್ರೆ ಸಾಕು. ಅರ್ಜಿ ಹಾಕಿರೋದು ಅಮ್ಮ. ಅವಳ ಮರ್ಯಾದೆ ತೆಗೀಬೇಡ.” ಅಮ್ಮನ ಹೆಸರು ಎತ್ತಿದ ಮೇಲೆ ಇನ್ನೇನಿದೆ? ಆಗಲ್ಲ ಎಂದು ಅವರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಸರಿ ಬಿಡಿ, ಸಾಲಿನಲ್ಲೇ ಹೋಗೋಣ” ಎಂದರು.

ಐದು ವರ್ಷ ದಾಟಿತು. ತಾರೀಖು ಒಮ್ಮೆ ಜೋರಾಗಿ ಓಡಿ ಬಂದು, ಇನ್ನೇನು ನನ್ನ ಹತ್ತಿರ ಬಂತು ಎನ್ನುವಾಗ ಒಂದೇ ತಿಂಗಳಲ್ಲಿ ಎರಡು ವರ್ಷ ಹಿಂದಕ್ಕೆ ಹೋಯಿತು. ವೀಸಾ ಕೇಳಿದವರು ಜಾಸ್ತಿಯಾದರೆ ಹಾಗೆ ಹಿಂದಕ್ಕೆ ತಳ್ಳುತ್ತಾರಂತೆ. ಸೈಬರ್ ಸೆಂಟರಿನ ಕುರ್ಚಿಯಲ್ಲಿ ಕೂತು ಅತ್ತೆ. ಆ ದಿನಗಳಲ್ಲೇ ಒಂದು ಭಾನುವಾರ ಬೆಳಗ್ಗೆ ಅಮ್ಮ ಫೋನಿನಲ್ಲಿ ಇದ್ದಕ್ಕಿದ್ದಂತೆ “ಈ ದೇಶದ ಬಾವುಟದಲ್ಲಿ ಹದಿಮೂರು ಪಟ್ಟೆ ಕಣೇ, ಯಾಕೆ ಗೊತ್ತಾ?” ಎಂದಳು. ಯಾಕೆ ಎಂದು ಕೇಳುವುದರೊಳಗೆ ಅಕ್ಕ ಫೋನ್ ಕಿತ್ತುಕೊಂಡು ಬೇರೆ ಮಾತು ತೆಗೆದಳು. ಮೊಮ್ಮಕ್ಕಳ ಪಾಠ ಕೇಳಿ ಕೇಳಿ ಬಾಯಿಗೆ ಬಂದಿರಬೇಕು ಎಂದುಕೊಂಡೆ.

ಅದಾಗಿ ವರ್ಷದೊಳಗೆ ಅವರು ಗೇಜಿನ ಪೆಟ್ಟಿಗೆಯ ಜೊತೆ ಲಗ್ನಪತ್ರಿಕೆ ತಂದರು. ಅವರ ತಾಯಿ ಊಟ ಬಿಟ್ಟು ಕೂತಿದ್ದರಂತೆ. “ನೀವು ಒಂದು ಮಾತು ಹೇಳಿದ್ರೆ ಈಗ್ಲೂ ಹರಿದು ಹಾಕ್ತೀನಿ,” ಎಂದರು. ನಾನು ಹೇಳಲಿಲ್ಲ. ಅರ್ಜಿ ಕ್ಯಾನ್ಸಲ್ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಹೇಳಲಿಲ್ಲ. ಮುಂದಿನ ಸಲದಿಂದ ಬೇರೆಯವರು ಬರತೊಡಗಿದರು.

ಇನ್ನೂ ಮೂರು ವರ್ಷವಾದ ಮೇಲೆ ನನ್ನ ತಾರೀಖು ಬಂತು. ನನಗೆ ಮೂವತ್ತಾರು. ಇಂಟರ್‌ವ್ಯೂಗೆ ಬೇಕಾದ ಕಾಗದಗಳನ್ನು ಅಕ್ಕ ಕೊರಿಯರ್ ಮಾಡಿದಳು. ಅದರೊಳಗೆ ಅಮ್ಮನ ಫೋಟೋ ಇದ್ದ ಒಂದು ಸರ್ಟಿಫಿಕೇಟಿನ ಪ್ರತಿ ಇತ್ತು. ಸರ್ಟಿಫಿಕೇಟ್ ಕೈಗೆ ಬಂದರೆ ಮೊದಲು ತಾರೀಖು ನೋಡುವುದು ನನ್ನ ಹೊಟ್ಟೆಪಾಡು. ಅಮ್ಮ ಅಮೆರಿಕದ ಪ್ರಜೆಯಾಗಿ ನಾಲ್ಕು ವರ್ಷವಾಗುತ್ತಾ ಬಂದಿತ್ತು. ನನಗೆ ಯಾರೂ ಹೇಳಿರಲಿಲ್ಲ.

ಫಾರಂ ತುಂಬಿಸಲು ವೈಟ್‌ಫೀಲ್ಡಿನಲ್ಲಿ ವೀಸಾ ಕಾಗದಪತ್ರ ಮಾಡಿಕೊಡುವ ಒಂದು ಆಫೀಸಿಗೆ ಹೋದೆ. ಪೀಣ್ಯದಿಂದ ಮೂರು ಬಸ್ಸು. ಅಲ್ಲಿದ್ದ ಹುಡುಗಿ ಕಾಗದ ತಿರುವಿ ಹಾಕುತ್ತಾ ಕೇಳಿದಳು. “ಮೇಡಂ, ತಾಯಿ ಸಿಟಿಜನ್ ಆಗಿ ಇಷ್ಟು ವರ್ಷ ಆಗಿದೆ. ನೀವು ಬೇಡ ಅಂತಾನೇ ಮದ್ವೆ ಆಗ್ಲಿಲ್ವಾ?”

“ಆಗಿದ್ರೆ ಕ್ಯಾನ್ಸಲ್ ಅಲ್ವೇನಮ್ಮ?”

“ಗ್ರೀನ್ ಕಾರ್ಡ್ ಇದ್ದಾಗ ಕ್ಯಾನ್ಸಲ್. ಸಿಟಿಜನ್ ಆದ್ಮೇಲೆ ಆಗಲ್ಲ ಮೇಡಂ. ಮದ್ವೆ ಆದ ಮಕ್ಕಳ ಸಾಲಿಗೆ ಹೋಗುತ್ತೆ, ಅಷ್ಟೆ. ಡೇಟ್ ಅದೇ ಇರುತ್ತೆ. ಒಂದೆರಡು ವರ್ಷ ಲೇಟ್ ಆಗ್ಬೋದು, ಆದ್ರೆ ಗಂಡನ್ನೂ ಕರ್ಕೊಂಡು ಹೋಗ್ಬೋದು.”

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಬೀರುವಿನಲ್ಲಿ ಸೀರೆಯ ಕೆಳಗಿಟ್ಟಿದ್ದ ಲಗ್ನಪತ್ರಿಕೆ ತೆಗೆದು ಸರ್ಟಿಫಿಕೇಟಿನ ಪಕ್ಕ ಇಟ್ಟೆ. ಅಮ್ಮ ಪ್ರಜೆಯಾದದ್ದು ಅವರ ಮದುವೆಗಿಂತ ಎಂಟು ತಿಂಗಳು ಮೊದಲು. ಎಂಟು ತಿಂಗಳು! ಅವರು ಪತ್ರಿಕೆ ಹಿಡಿದು ನನ್ನೆದುರು ನಿಂತಿದ್ದಾಗ ನಾನು ‘ಹರಿದು ಹಾಕಿ’ ಎನ್ನಬಹುದಿತ್ತು. ಅಕ್ಕನಿಗೆ ಇದು ಗೊತ್ತಿತ್ತು. ಅರ್ಜಿಯ ಒಂದೊಂದು ಅಕ್ಷರ ತುಂಬಿದವಳು ಅವಳೇ. ಗಂಡನಿರುವ ತಂಗಿ ಅವಳಿಗೆ ಬೇಕಿರಲಿಲ್ಲ. ಮಂಡಿ ಸವೆದು ಗಾಲಿಕುರ್ಚಿ ಹಿಡಿದಿದ್ದ ಅಮ್ಮನನ್ನು ನೋಡಿಕೊಳ್ಳಲು, ಮಕ್ಕಳಿಗೆ ಅಡುಗೆ ಮಾಡಲು, ಒಂಟಿ ತಂಗಿ ಬೇಗ ಬೇಕಿತ್ತು. ಅವಳು ಎದುರಿಗಿದ್ದಿದ್ದರೆ ಜುಟ್ಟು ಹಿಡಿದು ನೆಲಕ್ಕೆ ಕೆಡವುತ್ತಿದ್ದೆ.

ಆದರೆ ನಾನು ಚಕಾರ ಎತ್ತಲಿಲ್ಲ. ಮುಂಬೈನ ಅಮೆರಿಕನ್ ಕಾನ್ಸುಲೇಟಿಗೆ ಹೋಗಿ ಇಂಟರ್‌ವ್ಯೂ ಮುಗಿಸಿದೆ. ‘ಮದುವೆಯಾಗಿದೆಯೇ?’ ಎಂದು ಕೇಳಿದರು. ಇಲ್ಲ ಎಂದೆ. ಜೀವನದಲ್ಲಿ ಅಷ್ಟು ನಿಜವಾದ ಮಾತು ಇನ್ನೊಂದನ್ನು ಆಡಿಲ್ಲ. ಪಾಸ್‌ಪೋರ್ಟಿನಲ್ಲಿ ವೀಸಾ ಬಂತು. ಆರು ತಿಂಗಳೊಳಗೆ ಹೋಗಿ ಇಳಿಯಬೇಕು. ಕಾರ್ಖಾನೆಯ ನೆಪ ಹೇಳಿ ಹೇಳಿ ಹೊರಡುವುದನ್ನು ಅದರ ಕೊನೆಯ ಎರಡು ದಿನಕ್ಕೆ ತಳ್ಳಿದೆ.

ಅಕ್ಕನ ಸಂಭ್ರಮ ಹೇಳತೀರದು. ಟಿಕೆಟ್ ಕಳಿಸಿದಳು. ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಬಿಡಿಸಿದಳು. ಸೋಮವಾರದಿಂದ ಹೊಸ ಕೆಲಸಕ್ಕೆ ಬರುತ್ತೇನೆ ಎಂದು ಒಪ್ಪಿಕೊಂಡಳು. ಹುಳಿಪುಡಿ, ಚಟ್ನಿಪುಡಿ, ಅರಳು ಸಂಡಿಗೆ ಎಂದು ಪಟ್ಟಿ ಓದಿದಳು. ಎಲ್ಲದಕ್ಕೂ ಹೂಂ ಎಂದೆ. “ಏರ್‌ಪೋರ್ಟಿಗೆ ಭಾವನ್ನ ಕಳಿಸ್ಬೇಡ ಅಕ್ಕ, ನನಗೆ ಭಯ. ನೀನೇ ಬರ್ಬೇಕು,” ಎಂದೆ. “ಬರ್ತೀನಿ ಬಾರೇ,” ಎಂದು ನಕ್ಕಳು. ನಾನೂ ನಕ್ಕೆ. ಅಷ್ಟು ಸಿಹಿಯಾಗಿ ಸುಳ್ಳು ನಗಲು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ವಿಮಾನ ಅಲ್ಲಿ ಸಂಜೆ ಏಳಕ್ಕೆ ಇಳಿಯಬೇಕಿತ್ತು. ನನಗಾಗ ಬೆಳಗಿನ ಏಳೂವರೆ. ಮೊದಲ ಶಿಫ್ಟಿನಲ್ಲಿ ನನ್ನ ಮೇಜಿನ ಮುಂದೆ ಕೂತು ಪೀಸುಗಳನ್ನು ಅಳೆಯುತ್ತಿದ್ದೆ. ಎಂಟೂವರೆಗೆ ಫೋನ್ ಶುರುವಾಯಿತು. ಎತ್ತಲಿಲ್ಲ. ಕಾಯಲಿ. ನಾನು ಒಂಬತ್ತು ವರ್ಷ ಕಾದೆ, ಅವಳು ಒಂದು ಸಂಜೆ ಕಾಯಲಿ. ಹನ್ನೊಂದೂವರೆಗೆ, ಅವಳು ಗೇಟಿನಲ್ಲಿ ನಿಂತು ನಾಲ್ಕು ಗಂಟೆಯ ಮೇಲಾದಾಗ, ಸರ್ಟಿಫಿಕೇಟು ಮತ್ತು ಲಗ್ನಪತ್ರಿಕೆಯನ್ನು ಅಕ್ಕಪಕ್ಕ ಇಟ್ಟು ತೆಗೆದ ಫೋಟೋ ಕಳಿಸಿದೆ. ಕೆಳಗೆ ಬರೆದೆ: ನಾನು ಬರುವುದಿಲ್ಲ. ಆಮೇಲೆ ಕ್ಯಾಂಟೀನಿಗೆ ಹೋಗಿ ಎರಡು ಉದ್ದಿನವಡೆ ತಿಂದೆ. ಅಷ್ಟು ರುಚಿಯಾದ ವಡೆ ಅದಕ್ಕೆ ಮುಂಚೆ ತಿಂದಿರಲಿಲ್ಲ.

ಕೊನೆಗೆ ಫೋನ್ ಎತ್ತಿದಾಗ ಅಕ್ಕ ಕಿರುಚುತ್ತಿದ್ದಳು. “ನಿನ್ ಒಳ್ಳೇದಕ್ಕೇ ಕಣೇ ಮಾಡಿದ್ದು! ಮದುವೆ ಆಗಿದ್ರೆ ಇನ್ನೂ ಅಲ್ಲೇ ಕೊಳೀತಿದ್ದೆ. ಹೊಸ ಕೆಲಸ ಹೋಯ್ತು ನಂದು. ನೀನು ಹೆಣ್ಣಾ?” ಒಂದೊಂದು ಮಾತಿಗೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಆಮೇಲೆ ಅವಳು ಹೇಳಿದಳು. “ಅಮ್ಮನೂ ಬಂದಿದ್ಲು. ಬೇಡ ಅಂದ್ರೂ ಕೇಳ್ಲಿಲ್ಲ. ಅಷ್ಟು ಹೊತ್ತೂ ಗಾಲಿಕುರ್ಚೀಲಿ ಗೇಟ್ ಕಡೆ ನೋಡ್ಕೊಂಡು ಕೂತಿದ್ಲು. ತೃಪ್ತಿ ಆಯ್ತಾ?”

ಅದನ್ನು ನಾನು ಲೆಕ್ಕ ಹಾಕಿರಲಿಲ್ಲ. ಅಮ್ಮ ಮನೆಯಲ್ಲಿರುತ್ತಾಳೆ ಎಂದುಕೊಂಡಿದ್ದೆ. ಫೋನ್ ಇಟ್ಟವಳು ಆ ದಿನ ಸರಿಯಿದ್ದ ಎಷ್ಟೋ ಪೀಸುಗಳನ್ನು ಕೆಂಪು ಟ್ರೇಗೆ ಹಾಕಿದೆನಂತೆ. ಮರುದಿನ ಸೂಪರ್‌ವೈಸರ್ ಬೈದಾಗಲೇ ತಿಳಿದದ್ದು.

ನಾಲ್ಕು ದಿನ ಬಿಟ್ಟು ಅಮ್ಮ ಫೋನ್ ಮಾಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ.

“ಸ್ವೆಟರ್ ತಂದಿದ್ದೆ ಕಣೇ,” ಎಂದಳು. “ಇಳಿದ ತಕ್ಷಣ ಚಳಿ ಆಗುತ್ತೆ ಅಂತ.” ಆಮೇಲೆ ಹೇಳಿದಳು. “ನಾನು ಸಿಟಿಜನ್ ಆದ್ರೆ ನೀನು ಬೇಗ ಬರ್ತೀಯ ಅಂದ್ಲು ಅವ್ಳು. ಅದಕ್ಕೇ ನೂರು ಪ್ರಶ್ನೆ ಬಾಯಿಪಾಠ ಮಾಡ್ದೆ. ಎಂಟನೇ ಕ್ಲಾಸ್ ಓದಿದವಳು ನಾನು, ಇಂಗ್ಲಿಷಲ್ಲಿ ಪರೀಕ್ಷೆ ಕೊಟ್ಟೆ. ನಿನಗೆ ಹೇಳ್ಬೇಡ, ಸುಮ್ನೆ ಆಸೆ ಇಟ್ಕೊಂಡು ಕೂರ್ತಾಳೆ ಅಂದ್ಲು. ಆ ಹುಡುಗನ ವಿಷಯ ನಂಗೆ ಈಗ್ಲೇ ಗೊತ್ತಾಗಿದ್ದು ಮಗಳೇ.”

ಬಾವುಟದ ಆ ಹದಿಮೂರು ಪಟ್ಟೆ ನನಗೋಸ್ಕರ ಕಲಿತದ್ದು.

“ಈಗ ಮದುವೆ ಆಗಿದ್ರೂ ನಡೆಯುತ್ತಂತಲ್ಲ,” ಅಮ್ಮ ಹೇಳುತ್ತಲೇ ಇದ್ದಳು. “ನೀನು ಒಬ್ಬನ್ನ ನೋಡ್ಕೊ. ನಾನು ಇನ್ನೊಂದು ಅರ್ಜಿ ಹಾಕ್ತೀನಿ. ಹಾಕ್ಲಾ?”

ವೀಸಾದ ಆರು ತಿಂಗಳು ಅಷ್ಟರಲ್ಲಿ ತೀರಿತ್ತು. ಹೊಸ ಅರ್ಜಿ ಎಂದರೆ ಸಾಲಿನ ಕಟ್ಟಕಡೆ. ಅಮ್ಮನಿಗೆ ಎಪ್ಪತ್ತರ ಹತ್ತಿರ. ಹಾಕಿದವರು ಹೋದರೆ ಅರ್ಜಿಯೂ ಅವರ ಜೊತೆಗೇ ಹೋಗುತ್ತದೆಂದು ನನಗೆ ಗೊತ್ತಿತ್ತು. ಹಾಕಮ್ಮ ಎಂದೆ.

ಫಾರಂ ತುಂಬಲು ಆ ಮನೆಯಲ್ಲಿ ಇದ್ದವಳು ಅಕ್ಕನೇ. ನನ್ನ ಜೊತೆ ಅವಳು ಮಾತು ಬಿಟ್ಟಿದ್ದಳು. ಮದುವೆಯಾಗಿದೆಯೇ ಎಂಬ ಕಾಲಂ ಬಂದಾಗ ಪೆನ್ನು ನಿಲ್ಲಿಸಿದಳಂತೆ. ಏನು ಬರೆಯಬೇಕು ಎಂದು ಅಮ್ಮನ ಕೈಲಿ ಫೋನ್ ಮಾಡಿಸಿ ಕೇಳಿಸಿದಳು.

“ಇಲ್ಲ ಅಂತ ಬರೀಲಿ,” ಎಂದೆ. “ಅವಳ ಕೈಯಾರೆ ಬರೀಲಿ.”