ಸಣ್ಣ ತಪ್ಪಿಗೆ ರಾಂಗ್, ದೊಡ್ಡ ತಪ್ಪಿಗೆ ರೈಟ್

ಮೊನ್ನೆ ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ ಒಳಗೆ ಮಗಳು ಅಳುವ ಸದ್ದು ಕೇಳಿತು.

ಅನ್ವಿತಾ ಫಸ್ಟ್ ಪಿಯುಸಿ, ಸೈನ್ಸ್. ಮೊಬೈಲಿನಲ್ಲಿ ಫಿಸಿಕ್ಸ್ ಹೋಮ್‌ವರ್ಕ್ ಮಾಡುತ್ತಿದ್ದಳು. ಉತ್ತರ ಟೈಪ್ ಮಾಡಿದರೆ ಸರಿಯೋ ತಪ್ಪೋ ಎಂದು ಆ್ಯಪ್ ಅಲ್ಲೇ ಹೇಳುತ್ತದೆ.

"ನಾನು ಕಾಮರ್ಸಿಗೆ ಹೋಗ್ತೇನೆ. ನನ್ನಿಂದ ಆಗುವುದಿಲ್ಲ" ಎಂದಳು.

ಏನಾಯಿತೆಂದು ಕೇಳಿದೆ.

"ನಿಮಗೆ ಗೊತ್ತಾಗ್ಲಿಕ್ಕಿಲ್ಲ ಪಪ್ಪ."

ಸಿಟ್ಟಿನಿಂದ ಹೇಳಿದ್ದಲ್ಲ... ನಾನು ಐಟಿಐ ಮುಗಿಸಿ, ಪಂಪ್‌ವೆಲ್ ಹತ್ತಿರದ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಬ್ಬಿಣ ಕಡೆಯುವ ಲೇತ್ ಮೆಷಿನ್ ಓಡಿಸುವವನು. ಎಂಟನೇ ಕ್ಲಾಸಿನ ನಂತರ ಅವಳು ನನಗೆ ಪುಸ್ತಕ ತೋರಿಸಿದ್ದೇ ಇಲ್ಲ. ನಾನೂ ಕೇಳಿದವನಲ್ಲ, ಹೆದರಿಕೆ.

ಆ ದಿನ ಮಾತ್ರ ಕೈ ತೊಳೆದು ಪಕ್ಕದಲ್ಲಿ ಕೂತೆ.

ಒಂದು, ಕರೆಂಟ್ ಎಷ್ಟು ಎಂಬ ಲೆಕ್ಕ. ಸರಿ ಉತ್ತರ 0.1176 ಆಂಪಿಯರ್, ಇವಳು ಬರೆದದ್ದು 0.12. ಅದು ತಪ್ಪಂತೆ.

ಇನ್ನೊಂದು ದೂರದ ಲೆಕ್ಕ. ಸರಿ ಉತ್ತರ 12,000 ಮೀಟರ್, ಇವಳದ್ದು 12,040. ಅದು ಸರಿಯಂತೆ!

"ನಲವತ್ತು ಮೀಟರ್ ತಪ್ಪಿದ್ರೆ ಅಡ್ಡಿ ಇಲ್ಲ, ಇಷ್ಟು ಚೂರು ತಪ್ಪಿದ್ರೆ ಮಾರ್ಕ್ಸ್ ಇಲ್ಲ. ಎಂತ ನ್ಯಾಯ ಇದು?"

ಸ್ಕ್ರೀನಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಟಾಲರೆನ್ಸ್ 1%.

ನನಗೆ ನಗು ಬಂತು. ನಾನು ದಿನಾ ಕೆಲಸದ ಡ್ರಾಯಿಂಗಿನಲ್ಲಿ ನೋಡುವ ಪದ, ಎಷ್ಟು ತಪ್ಪಿದರೆ ನಡೆಯುತ್ತದೆ ಎಂಬ ಮಿತಿ.

"ಗೇಟಿನ ಆರಡಿ ಪೈಪ್ ಎರಡು ಮಿಲಿಮೀಟರ್ ಗಿಡ್ಡ ಕಟ್ ಮಾಡಿದ್ರೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ಅದೇ ಎರಡು, ಹತ್ತು ಮಿಲಿಮೀಟರ್ ದಪ್ಪದ ಮೆಷಿನ್ ಪಿನ್ನಿನಲ್ಲಿ ಕಮ್ಮಿಯಾದ್ರೆ?"

"ಲೂಸ್ ಆಗ್ತದೆ."

"ಬಿಸಾಡ್ಬೇಕು ಮಾರಾಯ್ತಿ! ಎಷ್ಟು ತಪ್ಪಿತು ಅಂತ ಕೇಳಿದ್ರೆ ಸಾಲದು. ಎಷ್ಟರಲ್ಲಿ ತಪ್ಪಿತು ಅಂತಲೂ ಕೇಳ್ಬೇಕು."

ಅವಳು ಕ್ಯಾಲ್ಕುಲೇಟರ್ ತೆಗೆದು ನಲವತ್ತನ್ನು ಹನ್ನೆರಡು ಸಾವಿರದಿಂದ ಭಾಗಿಸಿದಳು. ನೂರಕ್ಕೆ ಅರ್ಧವೂ ಇಲ್ಲ. ಕರೆಂಟಿನ ಲೆಕ್ಕದ ತಪ್ಪು ನೂರಕ್ಕೆ ಎರಡು!

ಆಮೇಲೆ ನನ್ನ ಮುಖ ನೋಡಿ, "ಪಪ್ಪ, ನಿಮಗೆ ಇದೆಲ್ಲ ಗೊತ್ತುಂಟಾ?" ಎಂದಳು.

"ಪರ್ಸೆಂಟ್ ಗೊತ್ತಿಲ್ಲ ಮಗಾ, ಪಿನ್ ಗೊತ್ತುಂಟು" ಎಂದೆ.

ಮರುದಿನ ಪುಸ್ತಕ ಹಿಡಿದು ತಾನಾಗಿಯೇ ಬಂದಳು. ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ, ಆದರೂ ಇಬ್ಬರೂ ಕೂತೆವು.

ಶನಿವಾರ ವರ್ಕ್‌ಶಾಪಿಗೂ ಬಂದಳು. ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿದು, ನಾನು ಕಡೆದ ಒಂದೇ ಪಿನ್ನನ್ನು ಮೂರು ಸಲ ಅಳೆದಳು. ಅದರ ಫೋಟೋ ತೆಗೆದು ಫ್ರೆಂಡ್ಸಿಗೆ ಕಳಿಸಿದಳು.

ಕೆಳಗೆ ಬರೆದದ್ದನ್ನು ನಾನು ಇಣುಕಿ ಓದಿದೆ... "ನನ್ನ ಪಪ್ಪ ಮಾಡಿದ್ದು."

ನೀವು ದಿನವಿಡೀ ಮಾಡುವ ಕೆಲಸವನ್ನು ನಿಮ್ಮ ಮಕ್ಕಳಿಗೆ ಯಾವತ್ತಾದರೂ ತೋರಿಸಿದ್ದೀರಾ?